ಹೊತ್ತಿಗಾಗದ ಸಾಲ, ಹೊತ್ತಲ್ಲದ ಆಮದು

1963ರಲ್ಲಿ ನಮ್ಮ ಲೋಕಸಭೆಯಲ್ಲಿ ಒಂದು ಲೆಕ್ಕದ ಜಗಳ ನಡೆಯಿತು. ಉಪಚುನಾವಣೆಯಲ್ಲಿ ಗೆದ್ದು ಆಗತಾನೇ ಸದನಕ್ಕೆ ಬಂದಿದ್ದ ಡಾ. ರಾಮಮನೋಹರ ಲೋಹಿಯಾ ಅವರು, ಈ ದೇಶದ 27 ಕೋಟಿ ಜನರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಸಾರಿದರು. ಪ್ರಧಾನಿ ನೆಹರೂ ಅವರು ಇಲ್ಲ, ಹದಿನೈದಾಣೆ ಎಂದರು. ಯೋಜನಾ ಮಂತ್ರಿ ನಂದಾ ಅವರು ಏಳೂವರೆ ಆಣೆಯ ಲೆಕ್ಕವನ್ನು ಮುಂದಿಟ್ಟರು. ಒಂದೇ ದೇಶ, ಒಂದೇ ವರ್ಷ, ಮೂರು ಲೆಕ್ಕ! ಇದು ಹೇಗೆ ಸಾಧ್ಯವಾಯಿತು? ಕಾರಣ ಸರಳವಾಗಿದೆ. ಕೋಟ್ಯಧೀಶನ ವರಮಾನವನ್ನೂ ಹಮಾಲನ ಕೂಲಿಯನ್ನೂ ಒಂದೇ ಚೀಲಕ್ಕೆ ಸುರಿದು, ತಲೆಗೆ ಇಷ್ಟೆಂದು ಹಂಚಿದರೆ ಹದಿನೈದಾಣೆ ಬರುತ್ತದೆ. ಮೇಲಿನವರನ್ನು ಬಿಟ್ಟು ಕೆಳಗಿನವರನ್ನು ಎಣಿಸಿದರೆ ಮೂರಾಣೆಯ ಕಡೆಗೆ ಇಳಿಯುತ್ತದೆ. ಆ ಚರ್ಚೆಯಿಂದ ದೇಶ ಕಲಿತ ಪಾಠವೇನೆಂದರೆ, ಅಭಿವೃದ್ಧಿಯ ಮಾತನ್ನು ಯಾರು ಆಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾರನ್ನು ಎಣಿಸಿದಿರಿ, ಯಾವಾಗ ಎಣಿಸಿದಿರಿ?

ಈಗಲೂ ಅದೇ ಕಥೆ. ದೇಶದ ಉತ್ಪನ್ನ ಇಷ್ಟು ಪ್ರತಿಶತ ಬೆಳೆಯಿತು, ರಾಜ್ಯದ ಉತ್ಪನ್ನ ಅದಕ್ಕಿಂತಲೂ ಹೆಚ್ಚು ಬೆಳೆಯಿತು ಎಂದು ಪ್ರತಿ ಬಜೆಟ್ಟಿನ ಹೊತ್ತಿಗೆ ಕೇಳುತ್ತೇವೆ. ಆದರೆ ಸರಕಾರವೇ ಅಚ್ಚು ಹಾಕಿಸುವ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲೆಗಳ ತಲಾ ಆದಾಯದ ಪಟ್ಟಿಯನ್ನು ತೆರೆದು ನೋಡಿರಿ. ಬೆಂಗಳೂರು ನಗರ ಜಿಲ್ಲೆ ತುದಿಯಲ್ಲಿದೆ. ನಮ್ಮ ಕಲಬುರಗಿ ವರ್ಷಗಳಿಂದ ತಳದ ಸಾಲಿನಲ್ಲೇ ಕುಳಿತಿದೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು, ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದಲ್ಲೇ ಇವೆ ಎಂದು ಬರೆಯಿತು. ಆಮೇಲೆ ಸಂವಿಧಾನಕ್ಕೆ 371ಜೆ ಸೇರಿತು, ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆಂಬ ಹೆಸರನ್ನೂ ಪಡೆಯಿತು. ಹೆಸರು ಬದಲಾದಷ್ಟು ಬೇಗ ಪಟ್ಟಿಯಲ್ಲಿನ ಸ್ಥಾನ ಬದಲಾಗಲಿಲ್ಲ.

ಏಕೆ? ಇದಕ್ಕೆ ನೂರು ಉತ್ತರಗಳಿವೆ. ನೀರಾವರಿ, ಶಾಲೆ, ರಸ್ತೆ, ಕೈಗಾರಿಕೆ ಎಲ್ಲವೂ ಅದರಲ್ಲಿ ಸೇರಿವೆ. ಈ ಲೇಖನದಲ್ಲಿ ನಾವು ಎತ್ತಿಕೊಳ್ಳುವುದು ಒಂದನ್ನು ಮಾತ್ರ. ದುಡ್ಡು ಬೇಕಾದ ಹೊತ್ತಿಗೆ ಸಾಲ ಸಿಗುವುದಿಲ್ಲ. ಸರಕು ಬೇಡವಾದ ಹೊತ್ತಿಗೆ ಆಮದಿನ ಬಾಗಿಲು ತೆರೆದಿರುತ್ತದೆ. ಈ ಎರಡು ಪಂಚಾಂಗಗಳೂ ತೊಗರಿ ಬೆಳೆಯುವವನಿಗೆ, ಅದನ್ನು ಹೊರುವವನಿಗೆ, ಒಡೆಯುವವನಿಗೆ, ಮಾರುವವನಿಗೆ ವಿರುದ್ಧವಾಗಿವೆ. ಇದು ಕೇವಲ ನಮ್ಮ ಪಕ್ಷದ ಘೋಷಣೆ ಎಂದು ಯಾರಾದರೂ ತಳ್ಳಿಹಾಕಬಹುದು. ಆದುದರಿಂದ, ಬಡ ದೇಶಗಳ ಹಳ್ಳಿಗಳಿಗೆ ಹೋಗಿ ಮನೆಮನೆಯ ಲೆಕ್ಕ ತೆಗೆದ ಸಂಶೋಧಕರು ಏನು ಕಂಡರೆಂಬುದನ್ನೇ ಮುಂದಿಡುತ್ತೇವೆ.

ಸುಗ್ಗಿಯಲ್ಲಿ ಅಗ್ಗ

ತೊಗರಿಯ ಹಾದಿ ನಮ್ಮ ಓದುಗರಿಗೆ ಗೊತ್ತಿದ್ದದ್ದೇ. ಮುಂಗಾರಿನಲ್ಲಿ ಬಿತ್ತನೆ, ಡಿಸೆಂಬರಿನಿಂದ ರಾಶಿ. ಜನವರಿ, ಫೆಬ್ರವರಿಯಲ್ಲಿ ಕಮಲಾಪುರದ ಕಡೆಯಿಂದ, ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿಯ ಕಡೆಯಿಂದ ಚೀಲ ತುಂಬಿದ ಗಾಡಿಗಳು ಕಲಬುರಗಿಯ ಗಂಜಿಗೆ ಬರುತ್ತವೆ. ಎಲ್ಲರೂ ಒಂದೇ ತಿಂಗಳಲ್ಲಿ ಮಾರಬೇಕು. ಬೀಜ, ಗೊಬ್ಬರ, ಔಷಧಕ್ಕೆ ತೆಗೆದುಕೊಂಡ ಮುಂಗಡ ತೀರಿಸಬೇಕು. ಎಷ್ಟೋ ವೇಳೆ ಮುಂಗಡ ಕೊಟ್ಟವನೂ ಮಾಲು ಕೊಳ್ಳುವವನೂ ಒಬ್ಬನೇ ಆಗಿರುತ್ತಾನೆ. ರಾಶಿ ಮಾಡಿದವರ ಕೂಲಿ, ಮಕ್ಕಳ ಫೀಸು, ಮನೆಯ ಮದುವೆ ಇವು ಯಾವುವೂ ಬೆಲೆ ಏರಲೆಂದು ಕಾಯುವುದಿಲ್ಲ. ಮಾಲು ಹೆಚ್ಚಾದಾಗ ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಮಾರಿದವನೇ ಶ್ರಾವಣದ ಹೊತ್ತಿಗೆ ಕಿರಾಣಿ ಅಂಗಡಿಯ ಮುಂದೆ ನಿಂತು ಬೇಳೆಯನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತಾನೆ.

ಇದನ್ನು ನೋಡಿ ಪೇಟೆಯ ಕೆಲವು ಬುದ್ಧಿವಂತರು, ರೈತನಿಗೆ ವ್ಯಾಪಾರ ತಿಳಿಯದು, ಕಾದು ಮಾರುವ ಜಾಣತನವಿಲ್ಲ ಎನ್ನುತ್ತಾರೆ. ಹಾಗಾದರೆ ಕೀನ್ಯಾ ದೇಶದ ಪಶ್ಚಿಮ ಭಾಗದಲ್ಲಿ ನಡೆದುದನ್ನು ಕೇಳಿರಿ. ಅಲ್ಲಿನ ಬೆಳೆ ಗೋವಿನಜೋಳ. ಅಲ್ಲಿಯೂ ಇದೇ ಕಥೆ: ಸುಗ್ಗಿಯಲ್ಲಿ ಅಗ್ಗವಾಗಿ ಮಾರುವುದು, ಹಸಿವಿನ ತಿಂಗಳಲ್ಲಿ ತುಟ್ಟಿಯಾಗಿ ಕೊಳ್ಳುವುದು. ಮಾರ್ಷಲ್ ಬರ್ಕ್, ಲಾರೆನ್ ಬರ್ಗ್‌ಕ್ವಿಸ್ಟ್, ಎಡ್ವರ್ಡ್ ಮಿಗೆಲ್ ಎಂಬ ಮೂವರು ಸಂಶೋಧಕರು ಒಂದು ಪರೀಕ್ಷೆ ನಡೆಸಿದರು. ಕೃಷಿ ಸಂಶೋಧನಾ ಕೇಂದ್ರದವರು ಪಕ್ಕಪಕ್ಕದ ಮಡಿಗಳಲ್ಲಿ ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ ಹೋಲಿಸುತ್ತಾರಲ್ಲ, ಅದೇ ರೀತಿ. ಚೀಟಿ ಎತ್ತಿದಂತೆ ಆರಿಸಿ, ಕೆಲವರಿಗೆ ಸುಗ್ಗಿಯ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ಸಾಲ, ಉಳಿದವರಿಗೆ ಇಲ್ಲ. ಸಾಲ ಪಡೆದವರು ಜೋಳವನ್ನು ಕೂಡಲೇ ಮಾರಲಿಲ್ಲ. ಕಾಳನ್ನು ಕೂಡಿಟ್ಟರು, ಬೆಲೆ ಏರಿದ ಮೇಲೆ ಮಾರಿದರು. 2019ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ಸಾಲದ ಹಣದ ಮೇಲೆ ದೊರೆತ ಪ್ರತಿಫಲ ಶೇಕಡಾ 29. ರೈತನಿಗೆ ಜಾಣತನ ಮೊದಲೇ ಇತ್ತು. ಕೈಯಲ್ಲಿ ನಾಲ್ಕು ತಿಂಗಳ ಉಸಿರು ಇರಲಿಲ್ಲ, ಅಷ್ಟೇ.

ಆ ವರದಿಯಲ್ಲಿ ಇನ್ನೂ ಒಂದು ಮಾತಿದೆ. ಗಿರಣಿಯ ಕಾರ್ಮಿಕರೂ ಚಿಕ್ಕ ವ್ಯಾಪಾರಿಗಳೂ ಅದನ್ನು ಮನಸ್ಸಿಟ್ಟು ಓದಬೇಕು. ಎಲ್ಲಿ ಬಹಳ ಮಂದಿಗೆ ಸಾಲ ಸಿಕ್ಕಿತೋ ಅಲ್ಲಿ ಇಡೀ ಸಂತೆಯ ಬೆಲೆಯೇ ಬದಲಾಯಿತು. ಸುಗ್ಗಿಯಲ್ಲಿ ಬೆಲೆ ಅಷ್ಟು ಕುಸಿಯಲಿಲ್ಲ. ವರ್ಷದ ಏರಿಳಿತ ತಗ್ಗಿತು. ಅಂದರೆ ಸಾಲ ಪಡೆಯದವನಿಗೂ ಒಳ್ಳೆಯದಾಯಿತು. ಒಬ್ಬೊಬ್ಬ ಸಾಲಗಾರನ ಲಾಭವನ್ನು ಮಾತ್ರ ಎಣಿಸುವ ಬ್ಯಾಂಕಿನ ಪುಸ್ತಕದಲ್ಲಿ ಈ ಲಾಭ ಕಾಣಿಸುವುದೇ ಇಲ್ಲ. ಇದು ಊರಿನ ಲಾಭ.

ನಮ್ಮ ಮಗ್ಗುಲಿನ ನೆಲದಲ್ಲೇ ಇನ್ನೊಂದು ಸಾಕ್ಷಿಯಿದೆ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು 1975ರಿಂದ ಕೆಲವು ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟರು. ಅವುಗಳಲ್ಲಿ ಕೆಲವು ನಮ್ಮ ಪಶ್ಚಿಮಕ್ಕಿರುವ ಸೊಲ್ಲಾಪುರ ಜಿಲ್ಲೆಯವು, ಕೆಲವು ಪೂರ್ವಕ್ಕಿರುವ ಮಹಬೂಬನಗರ ಜಿಲ್ಲೆಯವು. ಅದೇ ಒಣ ಬೇಸಾಯ, ಅದೇ ಮಳೆಯ ಚಂಚಲತೆ. ಆ ಲೆಕ್ಕಗಳನ್ನು ಆಧರಿಸಿ ರೋಸೆನ್‌ಜ್ವೈಗ್ ಮತ್ತು ಬಿನ್ಸ್‌ವಾಂಗರ್ ಎಂಬ ವಿದ್ವಾಂಸರು 1993ರಲ್ಲಿ ಬರೆದ ಪ್ರಬಂಧದಲ್ಲಿ, ಮಳೆ ಬೀಳುವ ಹೊತ್ತಿನ ಅನಿಶ್ಚಯ ಒಂದು ಹಂತ ಹೆಚ್ಚಿದರೆ ಅತಿ ಬಡವರಾದ ಕಾಲು ಭಾಗ ರೈತರ ಲಾಭ ಸುಮಾರು ಶೇಕಡಾ 35ರಷ್ಟು ಇಳಿಯುತ್ತದೆ. ಅತಿ ಶ್ರೀಮಂತರಾದ ಕಾಲು ಭಾಗಕ್ಕೆ ಹೆಚ್ಚೇನೂ ತಟ್ಟುವುದಿಲ್ಲ ಎಂದು ತೋರಿಸಿದರು. ಮಳೆ ಒಂದೇ, ಮಣ್ಣು ಒಂದೇ. ಆದರೂ ಕಾಯಬಲ್ಲವನು ಉಳಿಯುತ್ತಾನೆ, ಕಾಯಲಾರದವನು ಮುಳುಗುತ್ತಾನೆ. ಬಡತನವೆಂದರೆ ಕಾಯಲಾಗದ ಸ್ಥಿತಿ ಎಂದರೆ ತಪ್ಪಾಗದು.

ಬ್ಯಾಂಕುಗಳು ಬಂದವು, ಹೋದವು

ಲೆಕ್ಕದಿಂದ ಏನು ಪ್ರಯೋಜನ ಎನ್ನುವವರಿಗೆ ಒಂದು ಹಳೆಯ ಉದಾಹರಣೆ ಸಾಕು. ರಿಸರ್ವ್ ಬ್ಯಾಂಕು 1951–52ರಲ್ಲಿ ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಗ್ರಾಮೀಣ ಸಾಲದ ಸಮೀಕ್ಷೆ ನಡೆಸಿತು. ಗೋರವಾಲಾ ಅವರ ಅಧ್ಯಕ್ಷತೆಯ ಸಮಿತಿ 1954ರಲ್ಲಿ ಪ್ರಕಟಿಸಿದ ವರದಿಯಂತೆ, ರೈತ ಎತ್ತುತ್ತಿದ್ದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಮೂರು ರೂಪಾಯಿ ಚಿಲ್ಲರೆ. ವಾಣಿಜ್ಯ ಬ್ಯಾಂಕುಗಳದು ಒಂದು ರೂಪಾಯಿಗೂ ಕಡಿಮೆ. ಬಡ್ಡಿ ಸಾವಕಾರರದು ಸುಮಾರು ಎಪ್ಪತ್ತು ರೂಪಾಯಿ. ಈ ಅಂಕಿಗಳ ಮುಂದೆ ಯಾವ ಮಂತ್ರಿಯ ಭಾಷಣವೂ ನಿಲ್ಲಲಿಲ್ಲ. 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಯಿತು. 1956ರಲ್ಲಿ ಉಗ್ರಾಣಗಳ ಕಾನೂನು ಬಂತು, ಮರುವರ್ಷ ಕೇಂದ್ರ ಉಗ್ರಾಣ ನಿಗಮ ಸ್ಥಾಪನೆಯಾಯಿತು. 1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು.

ಇದರಿಂದ ಬಡವನಿಗೆ ಏನಾಯಿತು? ರಾಬಿನ್ ಬರ್ಗೆಸ್ ಮತ್ತು ರೋಹಿಣಿ ಪಾಂಡೆ ಅವರು ಇದನ್ನೇ ಅಳೆದರು. 1977ರಿಂದ 1990ರವರೆಗೆ ಒಂದು ನಿಯಮವಿತ್ತು: ಈಗಾಗಲೇ ಬ್ಯಾಂಕು ಇರುವ ಊರಿನಲ್ಲಿ ಹೊಸದೊಂದು ಶಾಖೆ ತೆರೆಯಬೇಕಾದರೆ, ಬ್ಯಾಂಕಿಲ್ಲದ ನಾಲ್ಕು ಊರುಗಳಲ್ಲಿ ತೆರೆಯಲೇಬೇಕು. ರಾಷ್ಟ್ರೀಕರಣದ ನಂತರ 1990ರವರೆಗೆ ಸುಮಾರು 30 ಸಾವಿರ ಶಾಖೆಗಳು ಹಳ್ಳಿಗಳನ್ನು ಮುಟ್ಟಿದವು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದ ತೀರ್ಮಾನ: ಶಾಖೆಗಳು ಹೋದಲ್ಲಿ ಹಳ್ಳಿಯ ಬಡತನ ಇಳಿಯಿತು, ಬೇಸಾಯದಾಚೆಯ ಉದ್ಯೋಗಗಳ ಉತ್ಪನ್ನ ಏರಿತು. ಈ ತೀರ್ಮಾನವನ್ನು ಪ್ರಶ್ನಿಸಿದ ಪಂಡಿತರೂ ಇದ್ದಾರೆ. ಸಾಲ ವಾಪಸು ಬಾರದೆ ಬ್ಯಾಂಕುಗಳು ನಷ್ಟಪಟ್ಟವೆಂದೂ ಹೇಳುತ್ತಾರೆ. ನಷ್ಟ ಆದದ್ದು ನಿಜ. ಆದರೆ ನಷ್ಟದ ಕಾರಣವನ್ನು ಸರಿಪಡಿಸುವ ಬದಲು ನಿಯಮವನ್ನೇ ತೆಗೆದುಹಾಕಿದರು. ನಮ್ಮ ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಬಳ್ಳಾರಿಯ ಬ್ಯಾಂಕಿನಲ್ಲಿ ವಿಲೀನವಾಯಿತು. ಹೈದರಾಬಾದ್ ಸ್ಟೇಟ್ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಬ್ಯಾಂಕು ದೊಡ್ಡದಾಯಿತು, ತೀರ್ಮಾನ ಕೈಗೊಳ್ಳುವ ಮೇಜು ಗಂಜಿನಿಂದ ದೂರವಾಯಿತು.

ಬಿಟ್ಟ ಜಾಗವನ್ನು ತುಂಬಲು ಕಿರುಸಾಲದ ಕಂಪನಿಗಳು ಬಂದವು. ಬಡತನವನ್ನೇ ಅಳಿಸಿಬಿಡುತ್ತೇವೆಂಬ ಡಂಗುರ ಜೋರಾಗಿತ್ತು. ಹೈದರಾಬಾದ್ ನಗರದ 104 ಬಡ ಬಡಾವಣೆಗಳಲ್ಲಿ ಅರ್ಧಕ್ಕೆ ಇಂತಹ ಸಾಲ ಕೊಟ್ಟು, ಉಳಿದರ್ಧಕ್ಕೆ ಕೊಡದೆ, ಬ್ಯಾನರ್ಜಿ, ಡುಫ್ಲೋ ಮೊದಲಾದವರು ಪರೀಕ್ಷಿಸಿದರು. ಈ ಇಬ್ಬರು 2019ರಲ್ಲಿ ನೊಬೆಲ್ ಪಡೆದವರು. ಇದೇ ಬಗೆಯ ಪರೀಕ್ಷೆಗಳು ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ದೇಶಗಳಲ್ಲೂ ನಡೆದವು. 2015ರಲ್ಲಿ ಆರನ್ನೂ ಒಟ್ಟಿಗೆ ಪ್ರಕಟಿಸಿದಾಗ ಹೊರಬಂದ ತೀರ್ಪು: ಅಲ್ಪಸ್ವಲ್ಪ ಪ್ರಯೋಜನವುಂಟು, ಬದುಕು ಬದಲಾಗುವಂತಹದೇನೂ ಇಲ್ಲ.

ಒಂದೇ ಸಾಲ ಕೀನ್ಯಾದಲ್ಲಿ ಫಲ ಕೊಟ್ಟು ಹೈದರಾಬಾದಿನಲ್ಲಿ ಏಕೆ ಕೊಡಲಿಲ್ಲ? ನಮ್ಮ ಅಭಿಪ್ರಾಯದಲ್ಲಿ ಮುಖ್ಯ ವ್ಯತ್ಯಾಸ ಹೊತ್ತಿನದು. ಕೀನ್ಯಾದ ಸಾಲ ರೈತನ ಪಂಚಾಂಗವನ್ನು ನೋಡಿ ಬಂತು. ಕಿರುಸಾಲ ಕಂಪನಿಯದು ತನ್ನ ಪಂಚಾಂಗ. ಸಾಲ ಕೊಟ್ಟ ಕೆಲವೇ ದಿನಗಳಲ್ಲಿ ಕಂತು ಶುರು. ಯಾವ ಬೆಳೆ ವಾರವಾರಕ್ಕೆ ಕಂತು ಕೊಡುತ್ತದೆ? ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಹೆಂಗಸಿಗೆ ಹಂಗಾಮಿನಲ್ಲಿ ಕೆಲಸವುಂಟು, ಮಳೆಗಾಲದಲ್ಲಿ ಮಿಲ್ಲು ನಿಂತರೆ ಇಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ, ಅದನ್ನು ಕಟ್ಟಲು ಮತ್ತೊಂದು. ವಸೂಲಿಯ ದಬ್ಬಾಳಿಕೆ ಮಿತಿಮೀರಿದಾಗ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ದಬ್ಬಾಳಿಕೆಯನ್ನು ತಡೆಯುವುದು ಅವಶ್ಯವೇ. ಆದರೆ ಕಂತಿನ ಪಂಚಾಂಗವನ್ನು ಅದು ಮುಟ್ಟಲಿಲ್ಲ. ಕೋಲ್ಕತ್ತಾದಲ್ಲಿ ನಡೆದ ಮತ್ತೊಂದು ಪರೀಕ್ಷೆಯಲ್ಲಿ ಮೊದಲ ಕಂತನ್ನು ಎರಡು ವಾರದ ಬದಲು ಎರಡು ತಿಂಗಳಿಗೆ ಮುಂದೂಡಿದಾಗ, ಆ ಹೆಂಗಸರು ದಂಧೆಯಲ್ಲಿ ಹೆಚ್ಚು ಹಣ ತೊಡಗಿಸಿದರು, ಲಾಭವೂ ಏರಿತು. ಬಾಕಿ ಉಳಿಸಿಕೊಂಡವರೂ ಹೆಚ್ಚಿದರೆಂಬುದನ್ನು ಮರೆಮಾಚಬೇಕಿಲ್ಲ. ಅದಕ್ಕೆಂದೇ ಇಂತಹ ಸಾಲವನ್ನು ಲಾಭಕೋರ ಕಂಪನಿಗಿಂತ ಸಾರ್ವಜನಿಕ ಬ್ಯಾಂಕು ಹೊರಬೇಕೆಂದು ನಾವು ಹೇಳುವುದು.

ಹೊತ್ತಲ್ಲದ ಆಮದು

ಈಗ ವ್ಯಾಪಾರದ ಮಾತಿಗೆ ಬರೋಣ. 2015ರ ಕೊನೆಯಲ್ಲಿ ತೊಗರಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತು. ನಗರಗಳಲ್ಲಿ ಕೂಗೆದ್ದಿತು. ಸರಕಾರ ಎರಡು ಕೆಲಸ ಮಾಡಿತು: ರೈತರೇ ಬೆಳೆಯಿರಿ ಎಂದಿತು, 2016ರ ಜುಲೈಯಲ್ಲಿ ಮೊಜಾಂಬಿಕ್ ದೇಶದೊಡನೆ ಬೇಳೆಕಾಳು ತರಿಸುವ ಒಪ್ಪಂದವನ್ನೂ ಮಾಡಿಕೊಂಡಿತು. ರೈತ ಬೆಳೆದ. ದೇಶದ ತೊಗರಿ ಒಂದೇ ವರ್ಷದಲ್ಲಿ ಸುಮಾರು 26 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಏರಿತು. ಹಡಗುಗಳೂ ಬರುತ್ತಲೇ ಇದ್ದವು. 2017ರ ಸುಗ್ಗಿಯಲ್ಲಿ ಕಲಬುರಗಿಯ ಗಂಜಿನಲ್ಲಿ ಧಾರಣೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಕ್ಕೆ ಬಿತ್ತು. ಆಮೇಲೆ ಮಾರ್ಚಿನಲ್ಲಿ ಶೇಕಡಾ 10 ಸುಂಕ, ಆಗಸ್ಟಿನಲ್ಲಿ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಅಲ್ಲಿಗೂ ಮುಗಿಯಲಿಲ್ಲ. 2021ರ ಮೇಯಲ್ಲಿ ಮಿತಿಯನ್ನು ತೆಗೆದು ಆಮದನ್ನು ಮುಕ್ತ ಮಾಡಿದರು. 2023ರ ಮಾರ್ಚಿನಲ್ಲಿ ಇಡಿ ತೊಗರಿಯ ಮೇಲಿನ ಸುಂಕವನ್ನೂ ತೆಗೆದರು. ಆ ಮುಕ್ತ ಆಮದಿನ ಅವಧಿಯನ್ನು 2026ರ ಮಾರ್ಚ್ 31ರವರೆಗೆ ಮುಂದುವರಿಸಿದ ಆಜ್ಞೆ ಹೊರಟದ್ದು ಯಾವಾಗ? 2025ರ ಜನವರಿ 20ರಂದು. ಆಗ ನಮ್ಮಲ್ಲಿ ರಾಶಿ ನಡೆಯುತ್ತಿತ್ತು! ಬೆಂಬಲ ಬೆಲೆ 7,550 ಇದ್ದರೂ ಗಂಜಿನ ಧಾರಣೆ ಅದರ ಕೆಳಗೆ ಜಾರಿತು; ರಾಜ್ಯ ಸರಕಾರ ಕ್ವಿಂಟಲಿಗೆ 450 ರೂಪಾಯಿ ಸೇರಿಸಿ ಕಣ್ಣೀರು ಒರೆಸಬೇಕಾಯಿತು. ಬಿತ್ತುವಾಗ ಒಂದು ನಿಯಮ, ಕೊಯ್ಯುವಾಗ ಇನ್ನೊಂದು ನಿಯಮ ಎಂದಾದರೆ ಬೇಸಾಯವೂ ಮಟಕಾ ಆಟವೂ ಒಂದೇ ಆಗುತ್ತವೆ.

ಮೊಜಾಂಬಿಕ್ಕಿನ ರೈತ ನಮ್ಮ ವೈರಿಯೆಂದು ಯಾರೂ ತಿಳಿಯಬಾರದು. ದಿಲ್ಲಿಯ ಮಾತನ್ನು ನಂಬಿ ಆತನೂ ತೊಗರಿ ಹಾಕಿದ. 2017ರ ಆಗಸ್ಟಿನಲ್ಲಿ ದಿಲ್ಲಿ ಬಾಗಿಲು ಮುಚ್ಚಿದಾಗ ಅವನ ಊರಿನ ಧಾರಣೆಯೂ ನೆಲಕಚ್ಚಿತು. ಒಂದೇ ಕಾಗದದ ಚೂರು ಆರು ತಿಂಗಳ ಅಂತರದಲ್ಲಿ ಎರಡು ಖಂಡಗಳ ಬಡವರನ್ನು ಹೊಡೆಯಿತು. ನಡುವೆ ಗೆದ್ದವರು, ಆಜ್ಞೆಯ ಸುಳಿವು ಮೊದಲೇ ಸಿಗಬಲ್ಲ, ಬಂದರಿನಲ್ಲಿ ಗೋದಾಮು ಇಟ್ಟುಕೊಂಡ ದೊಡ್ಡ ಆಮದುದಾರರು.

ಆಮದು ಸುಂಕ ಇಳಿಸಿದಾಗ ದೇಶಕ್ಕೆ ಲಾಭವೇ ಆಗುತ್ತದೆಂದು ಪುಸ್ತಕಗಳು ಹೇಳುತ್ತವೆ. ದೇಶಕ್ಕೆ ಆಗಬಹುದು, ಜಿಲ್ಲೆಗೆ? ಪೆಟಿಯಾ ಟೊಪಲೋವಾ ಎಂಬ ಸಂಶೋಧಕಿ 1991ರ ನಂತರ ಭಾರತದಲ್ಲಿ ಸುಂಕಗಳು ಇಳಿದುದರ ಫಲವನ್ನು ಜಿಲ್ಲೆಜಿಲ್ಲೆಯಾಗಿ ಹೋಲಿಸಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ದೇಶದಲ್ಲಿ ಒಟ್ಟಾರೆ ಬಡತನ ಇಳಿಯುತ್ತಿದ್ದರೂ, ಸುಂಕ ಕಡಿತದ ಪೆಟ್ಟು ಹೆಚ್ಚು ಬಿದ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ನಿಧಾನವಾಗಿ ಇಳಿಯಿತು. ಏಕೆಂದರೆ ಸರಕು ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವಷ್ಟು ಸುಲಭವಾಗಿ ದುಡಿಯುವ ಮನುಷ್ಯ ಒಂದು ಊರನ್ನು ಬಿಟ್ಟು ಇನ್ನೊಂದಕ್ಕೆ, ಒಂದು ಕಸುಬನ್ನು ಬಿಟ್ಟು ಇನ್ನೊಂದಕ್ಕೆ ಹೋಗಲಾರ. ಅದೇ ಅಧ್ಯಯನದಲ್ಲಿ, ಕಾರ್ಮಿಕ ಕಾನೂನು ಸಡಿಲವಾಗಿದ್ದ ರಾಜ್ಯಗಳಲ್ಲಿ ಪೆಟ್ಟು ಕಡಿಮೆಯಿತ್ತೆಂಬ ಮಾತೂ ಇದೆ. ಮಾಲೀಕರ ಪರವಾದವರು ಅದೊಂದನ್ನೇ ಹಿಡಿದುಕೊಂಡು ಕುಣಿಯುತ್ತಾರೆ. ಅವರಿಗೆ ನಮ್ಮ ಪ್ರಶ್ನೆ: ಕಮಲಾಪುರದ ಹೊಲದಲ್ಲಿ ತೊಗರಿ ಕೊಯ್ಯುವವಳಿಗೆ, ಗಂಜಿನಲ್ಲಿ ಚೀಲ ಹೊರುವ ಹಮಾಲನಿಗೆ ಯಾವ ಬಿಗಿ ಕಾನೂನಿನ ರಕ್ಷಣೆಯಿದೆ, ಸಡಿಲಿಸಲು? ಸಡಿಲವಾಗಿರುವ ಬದುಕನ್ನು ಇನ್ನೆಷ್ಟು ಸಡಿಲಿಸಬೇಕು?

ಕಲಬುರಗಿಗೆ ಈ ಪಾಠ ಹೊಸದಲ್ಲ. ನಿಜಾಮನ ಕಾಲದಲ್ಲಿ ಎದ್ದ ಮೆಹಬೂಬ ಶಾಹಿ ಗಿರಣಿ ಈ ಊರಿನ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. 1974ರಲ್ಲಿ ರಾಷ್ಟ್ರೀಕರಣವೂ ಆಯಿತು. ಹೊಸ ಯಂತ್ರಕ್ಕೆ ಹಣ ಬೇಕಾದ ಹೊತ್ತಿಗೆ ಬರಲಿಲ್ಲ. ಇಂದು ಎಂ.ಎಸ್.ಕೆ. ಮಿಲ್ ಎಂಬುದು ಬಡಾವಣೆಯ ಹೆಸರಾಗಿ ಉಳಿದಿದೆ. 2023ರಲ್ಲಿ ದೊಡ್ಡ ಜವಳಿ ಪಾರ್ಕು ಘೋಷಿಸಿದ್ದಾರೆ, ಆಗಲಿ. ಆದರೆ ಇರುವ ದಾಲ್ ಮಿಲ್ಲುಗಳು ಹೊತ್ತಿಗೆ ಬಂಡವಾಳ ಸಿಗದೆ ವರ್ಷದಲ್ಲಿ ಕೆಲವೇ ತಿಂಗಳು ತಿರುಗುತ್ತಿರುವಾಗ, ಬರುವ ಪಾರ್ಕಿನ ಮಾತು ಊಟಕ್ಕಿಲ್ಲದ ಉಪ್ಪಿನಕಾಯಿಯಾಗದಿರಲಿ.

ಕಾರ್ಮಿಕನ ಬೇಳೆ ತುಟ್ಟಿಯಾಗುವುದೇ?

ಗಿರಣಿಯ ಗೆಳೆಯರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು; ಕೇಳಲೇಬೇಕು. ತೊಗರಿಗೆ ಬೆಲೆ ಬಂದರೆ ನಮ್ಮ ಮನೆಯ ಸಾರಿಗೆ ಬೆಂಕಿ ಬೀಳುವುದಿಲ್ಲವೇ? ರೈತನ ಹಿತವೂ ಕಾರ್ಮಿಕನ ಹಿತವೂ ಒಂದಕ್ಕೊಂದು ಎದುರಲ್ಲವೇ? ಈ ಪ್ರಶ್ನೆಯನ್ನು ಮುಂದೆ ಮಾಡಿಯೇ ಬಂಡವಾಳಶಾಹಿ ನಮ್ಮಿಬ್ಬರನ್ನು ಬೇರೆ ಮಾಡುತ್ತ ಬಂದಿದೆ.

ಉತ್ತರ ಲೋಹಿಯಾ ಅವರ ಬೆಲೆ ನೀತಿಯಲ್ಲೇ ಇದೆ. ಎರಡು ಸುಗ್ಗಿಗಳ ನಡುವೆ ಧಾನ್ಯದ ಬೆಲೆ ಒಂದು ಸಣ್ಣ ಮಿತಿಯನ್ನು ಮೀರಿ ಏರಿಳಿಯಬಾರದು. ಕಾರ್ಖಾನೆಯ ಸರಕು ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟನ್ನು ಮೀರಬಾರದು ಎಂದು ಅವರು ಕೇಳಿದರು. ಜನವರಿಯ ಧಾರಣೆಗೂ ಶ್ರಾವಣದ ಧಾರಣೆಗೂ ನಡುವೆ ಇರುವ ಕಂದಕದಲ್ಲಿ ಬೀಳುವ ಹಣ ರೈತನಿಗೂ ಇಲ್ಲ, ಕಾರ್ಮಿಕನಿಗೂ ಇಲ್ಲ. ಅದು ಕಾಯಬಲ್ಲವನ ತಿಜೋರಿಗೆ ಹೋಗುತ್ತದೆ. ಕಂದಕವನ್ನು ಕಿರಿದು ಮಾಡಿದರೆ ಜನವರಿಯಲ್ಲಿ ರೈತನಿಗೆ ಎರಡು ಕಾಸು ಹೆಚ್ಚು, ಶ್ರಾವಣದಲ್ಲಿ ಕಾರ್ಮಿಕನಿಗೆ ಎರಡು ಕಾಸು ಉಳಿತಾಯ. ಕೀನ್ಯಾದ ಸಂತೆಗಳಲ್ಲಿ ಏರಿಳಿತ ತಗ್ಗಿದ್ದನ್ನು ಮೇಲೆ ಹೇಳಿದ್ದೇವೆ. ಅರವತ್ತು ವರ್ಷದ ಹಿಂದೆ ನಮ್ಮ ಚಳವಳಿ ಕೇಳಿದ್ದಕ್ಕೆ ಇಂದು ಅಂಕಿಯ ಸಾಕ್ಷಿಯೂ ಸಿಕ್ಕಿದೆ ಎಂದಾಯಿತು.

ಚಿಕ್ಕ ವ್ಯಾಪಾರಿಯ ಪಾಡೂ ಇದೇ. ಬೆಲೆ ಏರಿತೆಂದರೆ ಸರಕಾರದ ಕಣ್ಣು ಅಂಗಡಿಯ ಕಡೆಗೆ ಹೊರಳುತ್ತದೆ. 2023ರಲ್ಲಿಯೂ 2024ರಲ್ಲಿಯೂ ದಾಸ್ತಾನಿನ ಮಿತಿ ಹೇರಿದರು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ನಮ್ಮ ಕಿರಾಣಿ ಅಂಗಡಿಯವನು ಐದು ಟನ್ ತೊಗರಿ ಬೇಳೆಯನ್ನು ಕನಸಿನಲ್ಲೂ ಕಂಡವನಲ್ಲ. ಸುಗ್ಗಿಯಲ್ಲಿ ಹತ್ತು ಚೀಲ ಹೆಚ್ಚು ಕೊಂಡಿಡಲು ಅವನಿಗೆ ಕಡಿಮೆ ಬಡ್ಡಿಯ ಹಣ ಸಿಕ್ಕರೆ, ಬೀದಿಯ ಬೇಳೆ ಬೀದಿಯಲ್ಲೇ ಉಳಿಯುತ್ತದೆ. ಆತ ಉದ್ರಿ ಕೊಡುವ ಕಾರ್ಮಿಕನ ಮನೆಗೂ ಅದರ ಪ್ರಯೋಜನ ಮುಟ್ಟುತ್ತದೆ.

ಕಾಳಿಗೆ ಒಂದು ಮದ್ದು, ಹಣ್ಣಿಗೆ ಇನ್ನೊಂದು

ಒಂದೇ ಮದ್ದು ಎಲ್ಲದಕ್ಕೂ ಆಗದು. ಕಮಲಾಪುರದ ಕೆಂಪು ಬಾಳೆಯನ್ನು ನೋಡಿರಿ. ಭೌಗೋಳಿಕ ಗುರುತಿನ ಮಾನ್ಯತೆ ಅದಕ್ಕಿದೆ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೂ ಬಂತು. ತೊಗರಿಯನ್ನು ಒಣಗಿಸಿ ತಿಂಗಳುಗಟ್ಟಲೆ ಇಡಬಹುದು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ! ಬಾಳೆಯ ಗೊನೆ ಅಷ್ಟು ದಿನ ಕಾಯುವುದಿಲ್ಲ. ಅದು ಬೆಳೆದು ಕೈಗೆ ಬರಲು ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಬೇಕು, ನೀರು ಬೇಕು, ಗೊಬ್ಬರ ಬೇಕು. ಹಣ್ಣಾದ ಮೇಲೆ ಉಳಿಯುವುದು ಕೆಲವೇ ದಿನ. ಆದುದರಿಂದ ಸಣ್ಣ ಹಿಡುವಳಿದಾರ ಅದಕ್ಕೆ ಕೈಹಾಕಲು ಹೆದರುತ್ತಾನೆ. ಇಲ್ಲಿ ಕೊಯ್ಲಿನ ನಂತರದ ಸಾಲದಿಂದ ಪ್ರಯೋಜನವಿಲ್ಲ. ಗಿಡ ನೆಟ್ಟಾಗಿನಿಂದ ಕೊಯ್ಲಿನವರೆಗೆ ಕಂತು ಕೇಳದ ಸಾಲ ಬೇಕು, ತಂಪು ಕೋಣೆ ಬೇಕು, ಹೈದರಾಬಾದಿನ ಪೇಟೆಗೆ ನೇರ ದಾರಿ ಬೇಕು. ಇದನ್ನು ತಿಳಿಯದೆ ಬರೀ ಮಾನ್ಯತೆಯ ಚೀಟಿ ಅಂಟಿಸಿದರೆ ಹೆಸರು ಊರಿಗೆ, ಲಾಭ ಪರರಿಗೆ.

ನಾವು ಕೇಳುವುದೇನು?

ಮೊದಲನೆಯದು: ತೊಗರಿಯ ಆಮದು ಸುಂಕವನ್ನೂ ಮಿತಿಯನ್ನೂ ಮುಂಗಾರು ಬಿತ್ತನೆಗೆ ಮೊದಲೇ ಸಾರಬೇಕು, ಆ ಬೆಳೆ ಮಾರಾಟವಾಗುವ ತನಕ ಬದಲಿಸಬಾರದು. ಗಂಜಿನ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿದರೆ ಸುಂಕ ತಾನಾಗಿಯೇ ಏರುವಂತೆ, ಬೇಳೆಯ ಬೆಲೆ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ತಾನಾಗಿಯೇ ಇಳಿಯುವಂತೆ ನಿಯಮವನ್ನು ಬರೆದಿಡಬೇಕು. ಆಗ ಮಂತ್ರಿಯ ಕೋಣೆಯ ಸುಳಿವಿಗೆ ಬೆಲೆಯಿರುವುದಿಲ್ಲ.

ಎರಡನೆಯದು: ಉಗ್ರಾಣ ರಸೀದಿಯ ಕಾನೂನು 2007ರಲ್ಲೇ ಆಗಿದೆ. ಸಣ್ಣ ರೈತನಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ರಸೀದಿಯ ಮೇಲೆ ರಿಯಾಯಿತಿ ಬಡ್ಡಿಯ ಸಾಲದ ಯೋಜನೆಯೂ ಬಂದಿದೆ. 2024ರ ಡಿಸೆಂಬರಿನಲ್ಲಿ ಅಂತಹ ಸಾಲಕ್ಕೆ ಖಾತರಿ ನೀಡಲು 1,000 ಕೋಟಿ ರೂಪಾಯಿಯ ನಿಧಿಯನ್ನೂ ಘೋಷಿಸಿದರು. ಆದರೆ ಐದು ಚೀಲ ತೊಗರಿ ಇರುವವನು ಆಟೋ ಬಾಡಿಗೆ ಕೊಟ್ಟು, ದೂರದ ಉಗ್ರಾಣಕ್ಕೆ ಹೋಗಿ, ರಸೀದಿ ಹಿಡಿದು ಬ್ಯಾಂಕಿಗೆ ನಾಲ್ಕು ಸಲ ಅಲೆಯುವನೇ? ಹೋಬಳಿಗೊಂದು ಸಾರ್ವಜನಿಕ ಉಗ್ರಾಣ ಬೇಕು. ಸಣ್ಣ ಮಾಲನ್ನು ಒಟ್ಟುಗೂಡಿಸಿ ಇಡಲು ಸಹಕಾರಿ ಸಂಘ ಬೇಕು. ಚೀಲ ತೂಗಿದ ದಿನವೇ ಸಾಲ ಕೈಗೆ ಬರಬೇಕು.

ಈ ಎರಡೂ ಬೇಡಿಕೆಗಳು ಜೋಡೆತ್ತುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಕಟ್ಟಿದರೆ ಗಾಡಿ ಹಳ್ಳಕ್ಕೆ ಬೀಳುತ್ತದೆ. ಸಾಲ ಪಡೆದು ಕಾದು ಕುಳಿತ ರೈತನ ಎದುರಿಗೆ ಬೇಸಿಗೆಯಲ್ಲಿ ಹಡಗು ಬಂದು ನಿಂತರೆ, ಆತ ಮಾಲಿನ ಬೆಲೆಯನ್ನೂ ಕಳೆದುಕೊಂಡು ಬಡ್ಡಿಯನ್ನೂ ಹೊರಬೇಕಾಗುತ್ತದೆ. 2017ರ ವರ್ಷದಲ್ಲಿ ಕಾದವನೇ ಕೆಟ್ಟ. ಆದುದರಿಂದ ಆಮದಿನ ನಿಯಮವೂ ಬೆಂಬಲ ಬೆಲೆಯ ಖರೀದಿಯೂ ಭದ್ರವಾಗದ ಹೊರತು ಕಾಯಿರಿ ಎಂದು ಯಾರಿಗೂ ಉಪದೇಶ ಮಾಡಬಾರದು.

ಮೂರನೆಯದು: ಗಂಜಿನ ಚಿಕ್ಕ ವ್ಯಾಪಾರಿಗೆ, ಸಣ್ಣ ದಾಲ್ ಮಿಲ್ಲಿಗೆ ಸುಗ್ಗಿಯ ಮೂರು ತಿಂಗಳಿಗೆ ಸಾರ್ವಜನಿಕ ಬ್ಯಾಂಕಿನ ದುಡಿಯುವ ಬಂಡವಾಳ; ಆ ಸಾಲ ಪಡೆಯುವ ಮಿಲ್ಲು ಹಮಾಲರಿಗೂ ಬೇಳೆ ಆರಿಸುವ ಹೆಂಗಸರಿಗೂ ಕನಿಷ್ಠ ಕೂಲಿ ಕೊಟ್ಟೇ ತೀರಬೇಕೆಂಬ ಷರತ್ತು. ನಾಲ್ಕನೆಯದು: ಕಿರುಸಾಲದ ಕಂತು ಕೆಲಸದ ಹಂಗಾಮಿಗೆ ಹೊಂದಬೇಕು.

ಲೆಕ್ಕ ನಾವೇ ಇಡೋಣ

ಕೊನೆಯದಾಗಿ ಒಂದು ಮಾತು. ಕೀನ್ಯಾದ ಹಳ್ಳಿಯ ಲೆಕ್ಕ ಸಿಗುತ್ತದೆ, ಸೊಲ್ಲಾಪುರದ ಹಳ್ಳಿಯ ಲೆಕ್ಕ ಸಿಗುತ್ತದೆ. ಕಮಲಾಪುರ ತಾಲ್ಲೂಕಿನ ಹಳ್ಳಿಯ ಲೆಕ್ಕವನ್ನು ನಮ್ಮ ಬೇಡಿಕೆಯ ಜೊತೆಗೆ ಮಂತ್ರಿಯ ಮೇಜಿನ ಮೇಲೆ ಇಡುವಂತಾಗಬೇಕು. ಕಲಬುರಗಿಯಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಅರ್ಥಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಂಜಿಗೆ ಬರಲಿ. ನಮ್ಮ ಕಾರ್ಯಕರ್ತರು ಅವರೊಡನೆ ಹಳ್ಳಿಗಳಿಗೆ ಹೋಗುವರು.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ಬರುವ ಸುಗ್ಗಿಯಲ್ಲಿ ಪ್ರತಿ ಊರಿನ ಪಕ್ಷದ ಶಾಖೆ ಒಂದು ನೋಟ್‌ಪುಸ್ತಕ ಇಡಲಿ. ಬರೆಯಬೇಕಾದದ್ದು ಆರೇ ಸಂಗತಿ: ಯಾವ ದಿನ ಮಾರಿದಿರಿ? ಎಷ್ಟು ಕ್ವಿಂಟಲ್? ಏನು ಧಾರಣೆ? ಸಾಲ ಯಾರದು? ಬಡ್ಡಿ ಎಷ್ಟು? ಕಾಯಲು ಸಾಧ್ಯವಿದ್ದಿದ್ದರೆ ಕಾಯುತ್ತಿದ್ದಿರಾ? ಹಮಾಲರ ಸಂಘ ತಿಂಗಳಿಗೆ ಎಷ್ಟು ದಿನ ಕೆಲಸ ಸಿಕ್ಕಿತೆಂದು ಬರೆಯಲಿ. ಕಿರಾಣಿ ಅಂಗಡಿಯವರು ತಿಂಗಳ ಮೊದಲನೆಯ ದಿನದ ಬೇಳೆಯ ಬೆಲೆಯನ್ನೂ ಒಟ್ಟು ಉದ್ರಿಯನ್ನೂ ಬರೆಯಲಿ. ಯಾರ ಹೆಸರೂ ಬೇಕಿಲ್ಲ. ಶ್ರಾವಣದಲ್ಲಿ ಎಲ್ಲ ಪುಸ್ತಕಗಳನ್ನೂ ಕೂಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸೋಣ. ಜನವರಿಯ ಧಾರಣೆ ಒಂದು ಕಡೆ, ಶ್ರಾವಣದ ಬೆಲೆ ಇನ್ನೊಂದು ಕಡೆ. ನಡುವಿನ ಹಣ ಎಲ್ಲಿಗೆ ಹೋಯಿತೆಂದು ಸರಕಾರ ಉತ್ತರ ಹೇಳಲಿ.